ಬೇಲೀಫ ಶರಫುದ್ದೀನರು ಕೊಡದೆ ತಂದ ಸಮನ್ಸು

"ಅವ್ವಾ, ಆ ಮುತ್ಯಾ ನಮ್ಮ ಮನ್ಯಾಗಿನ ನೀರ ಯಾಕ ಕುಡಿಯಂಗಿಲ್ಲ?"

ಭಾಗ್ಯವಂತಿಗೆ ಐದು ವರ್ಷ. ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ತಾಯಿಗೆ ಕೇಳಿಸಲೆಂದು ಕೂಗಿಯೇ ಕೇಳಿದ್ದಳು. ಜೋಳದ ಡಬ್ಬಿಗಳನ್ನು ಸಾಲಿಗಿಟ್ಟು ಕುಳಿತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಶಿವಕಾಂತಾ ತುಂಬಿದ ಚರಗಿಯನ್ನು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಕೋರ್ಟಿನ ಬೇಲೀಫ ಶರಫುದ್ದೀನರು ಆಗತಾನೇ ಆ ಚರಗಿಗೆ ಅಂಗೈ ಅಡ್ಡ ಹಿಡಿದು, "ಬ್ಯಾಡ್ರಿ ಬಾಯಾರ, ನಂದು ನನ್ನ ಹತ್ರ ಅದ," ಎಂದು ಸೈಕಲ್ಲಿಗೆ ತೂಗುಹಾಕಿದ್ದ ಕ್ಯಾನ್ವಾಸಿನ ನೀರುಚೀಲದಿಂದ ಎರಡು ಗುಟುಕು ಕುಡಿದು, ಪೆಡಲು ತುಳಿದುಕೊಂಡು ಹೋಗಿದ್ದರು.

"ಈ ಗಿರಣ್ಯಾಗ ನೀರಿಗೂ ಹಿಟ್ಟ ಹತ್ತಿರ್ತದಂತ ಹೆದರ್ಯಾರ ಬಿಡು," ಎಂದು ಓಣಿಯ ಹಿರಿಯಳು ಸಕ್ಕುಬಾಯಿ ನಕ್ಕಳು.

ಶಿವಕಾಂತಾಳಿಗೆ ನಗು ಬರಲಿಲ್ಲ. ಅತ್ತೆ ಇದ್ದಾಗ ಪಡಸಾಲೆಯ ಗೂಡಿನಲ್ಲಿ ಮುಸಲ್ಮಾನರಿಗೆಂದೇ ಬೇರೆ ಒಂದು ಗಿಲಾಸು ಇರುತ್ತಿತ್ತು. ಅತ್ತೆ ತೀರಿಕೊಂಡ ಮರುವಾರವೇ ಅವಳು ಅದನ್ನು ತೆಗೆದು ಉಳಿದ ಪಾತ್ರೆಗಳಲ್ಲಿ ಬೆರೆಸಿಬಿಟ್ಟಿದ್ದಳು. ಆ ಗಿಲಾಸಿನ ಸುದ್ದಿ ಈ ಮನುಷ್ಯನ ಕಿವಿಗೆ ಬಿದ್ದಿದೆಯೇನೋ ಎಂದು ಮುಖ ಬಿಸಿಯಾಯಿತು.

"ಅವರಿಗಿ ನೀರಡಿಕಿ ಇರಲಿಲ್ಲವ್ವ," ಎಂದಳು.

"ತಮ್ಮವು ಕುಡದ್ರಲ್ಲಾ," ಎಂದಳು ಮಗಳು.

ಅದು ತೊಂಬತ್ಮೂರರ ಏಪ್ರಿಲ್. ಗಿರಣಿ ಅವಳ ಗಂಡ ದೌಲತರಾಯನದು. ಒಂದು ವರ್ಷದಿಂದ ನಡೆಸುವವಳು ಅವಳು. ಹಿಂದಿನ ವರ್ಷ ಸೊಲ್ಲಾಪುರದ ಆಸ್ಪತ್ರೆಯಲ್ಲಿ ದೌಲತರಾಯನ ಎಡಗಡೆಯ ಕಿಡ್ನಿಯ ಹರಳನ್ನು ಕೊಯ್ದು ತೆಗೆದಿದ್ದರು. ಬಲಗಡೆಯದು ಉಳಿದಿತ್ತು, ಬೆಳೆಯುತ್ತಲೂ ಇತ್ತು. ಅದರ ಆಪರೇಶನ್ನನ್ನು ಈ ಮಳೆಗಾಲ ದಾಟಿಸಿದರೆ ಆ ಕಿಡ್ನಿ ಉಳಿಯುವ ಖಾತ್ರಿಯಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇಂಥ ಹೊತ್ತಿಗೆ ಇರಲಿ ಎಂದೇ ಗಂಡ ಹೆಂಡತಿ ಮುಂಬಯಿಯ ಒಂದು ದೊಡ್ಡ ಕಂಪನಿಯಲ್ಲಿ ಆರೋಗ್ಯ ವಿಮೆ ಮಾಡಿಸಿದ್ದರು. ಏಜಂಟನು ಇದೇ ಗಿರಣಿಯ ಚೀಲದ ಮೇಲೆ ಕುಳಿತು ಫಾರ್ಮು ತುಂಬಿಸಿಕೊಂಡು, ಹೋಗುವಾಗ ಎರಡು ಕಿಲೋ ಹಿಟ್ಟನ್ನೂ ಒಯ್ದಿದ್ದ. ಆಪರೇಶನ್ ಆದಮೇಲೆ ಕಂಪನಿಯವರು, ನೀವು ಸಹಿ ಮಾಡುವ ಮೊದಲೇ ಹರಳು ಹೊಟ್ಟೆಯಲ್ಲಿತ್ತು ಎಂದು ಕಾಗದ ಬರೆದರು. ಖರ್ಚು ಕೊಡುವುದಿರಲಿ, ಪಾಲಿಸಿಯನ್ನೇ ರದ್ದು ಮಾಡಿದರು.

ಎರಡನೆಯ ಆಪರೇಶನ್ನಿಗೆ ಹಣ ಹುಟ್ಟುವ ದಾರಿ ಇದೊಂದೇ ಎಂದು ವಕೀಲ ಮಲ್ಲಣ್ಣನವರು ಅವರೂರು ಅಫಜಲಪುರದ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದರು. ದೌಲತರಾಯ ಕುಳಿತರೆ ಏಳಲಾರ, ಎದ್ದರೆ ಕೂಡಲಾರ. ಅವನ ಪರವಾಗಿ ಓಡಾಡುವ ಮುಖ್ತ್ಯಾರಪತ್ರ ಶಿವಕಾಂತಾಳ ಹೆಸರಿಗಾಯಿತು.

"ಕಂಪನಿ ಒಮ್ಮಿ ಕೋರ್ಟಿನ ಮೆಟ್ಟಲ ಹತ್ತಲಿ ತಂಗಿ," ಎಂದಿದ್ದರು ಮಲ್ಲಣ್ಣ. "ಹತ್ತಿದ ದಿನಾನೇ ಅವರ ವಕೀಲ ರಾಜಿ ಮಾಡ್ಕೊಳ್ಳೋಣ ಬರ್ರಿ ಅಂತಾನ. ಹತ್ತಂಗಿಲ್ಲ, ಅದೇ ತ್ರಾಸ."

ಹತ್ತಲೇ ಇಲ್ಲ. ಪಾಲಿಸಿ ಕೊಟ್ಟ ಶಾಖೆ ಇದ್ದದ್ದು ಆಳಂದದಲ್ಲಿ. ಆಳಂದಕ್ಕೆ ಹೋದ ಮೊದಲ ಸಮನ್ಸು, ಕಚೇರಿ ಈ ಜಾಗ ಬಿಟ್ಟಿದೆ ಎಂಬ ಷರಾ ಹೊತ್ತು ಮೂರು ತಿಂಗಳ ಮೇಲೆ ತಿರುಗಿ ಬಂತು. ಅಂಚೆಯಲ್ಲಿ ಕಳಿಸಿದ್ದಕ್ಕೂ ಅದೇ ಗತಿ. ಎರಡನೆಯ ಸಮನ್ಸು ಶರಫುದ್ದೀನರ ಕೈಗೆ ಬಂತು. ಸಂತೆಯ ದಿನ ಕಂಪನಿಯ ಮ್ಯಾನೇಜರು ಇದೇ ಊರಿನ ಒಂದು ಲಾಡ್ಜಿನಲ್ಲಿ ಬಂದು ಕೂಡುತ್ತಾರೆಂದು ಕೇಳಿ, ಅವರು ಮೂರು ಸಂತೆ ಆ ಲಾಡ್ಜಿನ ಮೆಟ್ಟಿಲು ಕಾದರು. ಮೂರು ಸಲವೂ ಸಿಕ್ಕವನು ಗುಮಾಸ್ತ.

"ಸಾಹೇಬ್ರ ಈಗರೇ ಹೋದ್ರು."

"ಎಲ್ಲಿಗಿ?"

"ಊಟಕ್ಕ."

"ಹ್ವಾದ ಸಂತ್ಯಾಗ ಎದ್ದು ಹೋಗಿದ್ರಲ್ಲ, ಅದೇ ಊಟ ಇನ್ನಾ ನಡದದೇನು?"

ಗುಮಾಸ್ತ ಬೇಕಾದರೆ ತಾನೇ ತೆಗೆದುಕೊಳ್ಳುತ್ತೇನೆಂದು ಕೈ ಚಾಚಿದ. ಶರಫುದ್ದೀನರು ಕೊಡಲಿಲ್ಲ. "ಕಂಪನಿಗಿ ಕೈ ಇರಂಗಿಲ್ರಿ ಬಾಯಾರ," ಎಂದು ಆಮೇಲೆ ಶಿವಕಾಂತಾಳಿಗೆ ತಿಳಿಸಿ ಹೇಳಿದರು. "ಮ್ಯಾನೇಜರನ ಕೈಯೇ ಕಂಪನಿ ಕೈ. ಅದರಾಗ ಬಿದ್ರನೇ ಮುಟ್ಟಿದಂಗ. ಇವ ತಗೊಂಡು ನಾಳಿ ನೌಕರಿ ಬಿಟ್ಟು ಹೋದ್ರ, ನಮ್ಮ ಕಾಗದ ಯಾರಿಗೂ ಮುಟ್ಟಲೇ ಇಲ್ಲ ಅಂತ ಕಂಪನಿ ಅಂತದ."

ಅಷ್ಟರಲ್ಲಿ, ಆಳಂದ ಬಿಟ್ಟ ಶಾಖೆ ಜೇವರ್ಗಿಯಲ್ಲಿ ಬಾಗಿಲು ತೆರೆದದ್ದು ತಿಳಿಯಿತು. ಜೇವರ್ಗಿ ಈ ಕೋರ್ಟಿನ ಹದ್ದಿನ ಆಚೆ. ಮಲ್ಲಣ್ಣ ವಾದ ಮಾಡಿ, ಬೇಲೀಫನೇ ಅಲ್ಲಿಗೆ ಹೋಗಿ ಕೊಡಲು ಮುನ್ಸೀಫರ ಅಪ್ಪಣೆ ಪಡೆದರು. ಅಪ್ಪಣೆಯ ಜೊತೆ ಗಡುವೂ ಬಂತು: ಇಪ್ಪತ್ತೆರಡನೇ ತಾರೀಖು ಗುರುವಾರ, ಬೇಸಿಗೆ ರಜೆಗೆ ಮುಂಚಿನ ಕೊನೆಯ ಅವಕಾಶ. ಅಷ್ಟರೊಳಗೆ ಸಮನ್ಸು ಮುಟ್ಟದಿದ್ದರೆ, ವಾದಿಗೆ ಎದುರಾಳಿಯ ಠಿಕಾಣಿ ತೋರಿಸಲಾಗಲಿಲ್ಲ ಎಂದು ದಾವೆ ವಜಾ. ಮತ್ತೆ ಮೊದಲಿನಿಂದ ಹಾಕಿದರೆ ಇನ್ನೊಂದು ವರ್ಷ. ದೌಲತರಾಯನ ಬಲ ಕಿಡ್ನಿಗೆ ಇದ್ದದ್ದು ಒಂದು ಮಳೆಗಾಲ.

ಶನಿವಾರ ಮೊದಲ ಬಸ್ಸಿಗೆ ಹೋಗೋಣ, ಠಿಕಾಣಿ ತೋರಿಸಲು ವಾದಿಯ ಕಡೆಯಿಂದ ನೀವೂ ಬರಬೇಕು ಎಂದು ಹೇಳುವುದಕ್ಕೇ ಶರಫುದ್ದೀನರು ಅಂದು ಗಿರಣಿಗೆ ಬಂದಿದ್ದರು. ಅವರು ಹೋದಮೇಲೆ ಅವಳು ಯಾರದೋ ಗೋದಿಯನ್ನು ಯಾರದೋ ಜೋಳದ ಮೇಲೆ ಸುರಿದು, ಸಕ್ಕುಬಾಯಿಯಿಂದ ಬೈಸಿಕೊಂಡಳು.

ಶರಫುದ್ದೀನರ ವಿಷಯ ಊರಿಗೆಲ್ಲ ಗೊತ್ತಿತ್ತು, ಆದರೆ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಹುಟ್ಟಿದ್ದು ಆಳಂದದಲ್ಲಿ, ನಿಜಾಮರ ಕಾಲಕ್ಕೆ. ಕಲಿತದ್ದು ಉರ್ದುವಿನಲ್ಲಿ. ನೌಕರಿಗೆ ಸೇರುವ ಹೊತ್ತಿಗೆ ಕಚೇರಿ ಕನ್ನಡಕ್ಕೆ ತಿರುಗಿತ್ತು. ಹೆಂಡತಿ ಖಾಸೀಂಬಿ ನಾಲ್ಕನೇ ಇಯತ್ತೆ ಕನ್ನಡ ಓದಿದವಳು, ಒಲೆಯ ಮುಂದೆ ಕೂಡಿಸಿಕೊಂಡು ಅಕ್ಷರ ತಿದ್ದಿಸಿದಳು. ಇಂದಿಗೂ ಅವರ ವರದಿಗಳ ಅಕ್ಷರ ಒಂದೊಂದೂ ಬಟಾಣಿ ಕಾಳಿನಷ್ಟು ದಪ್ಪ, ಒಂದಕ್ಕೊಂದು ತಾಗದ ಹಾಗೆ. ಮೂವತ್ತೆರಡು ವರ್ಷ ಆಳಂದ, ಜೇವರ್ಗಿ, ಅಫಜಲಪುರ ಎಂದು ವರ್ಗವಾಗುತ್ತ, ಸಮನ್ಸು, ನೋಟೀಸು, ಜಪ್ತಿ ವಾರಂಟುಗಳನ್ನು ಹೊತ್ತು ತಿರುಗಿದ್ದರು. ಬರುವ ತಿಂಗಳ ಕೊನೆಗೆ ನಿವೃತ್ತಿ.

ಅವರ ಸೈಕಲ್ಲಿನ ಗಂಟೆ ಕೇಳಿದರೆ ಓಣಿಯಲ್ಲಿ ಒಂದೆರಡು ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಯಾರು ಎಲ್ಲಿ ಅಡಗುತ್ತಾರೆಂಬುದು ಅವರಿಗೆ ಬಾಯಿಪಾಠ. ಒಬ್ಬ ಗೌಡರು ಬಾಣಂತಿಯ ಕೋಣೆ ಸೇರಿಕೊಂಡು ಕೂತಿದ್ದರಂತೆ. ಇವರು ಹೊರಗೆ ನಿಂತು, "ಕೂಸಿಗಿ ಯಾವ ಹೆಸರ ಇಟ್ಟೀರವ್ವ?" ಎಂದು ಕೇಳಿದರು. ಬಾಣಂತಿ ಬಾಯಿ ತೆರೆಯುವ ಮೊದಲೇ ಗೌಡರು ಒಳಗಿಂದ, "ನಮ್ಮ ಅಪ್ಪಂದು," ಎಂದುಬಿಟ್ಟರು. ಇಂಥ ನೂರು ಕತೆ. ಆದರೆ ಯಾವ ಮನೆಯಲ್ಲೂ ಅವರು ಕೂತು ನೀರು ಕುಡಿದ ಕತೆ ಇರಲಿಲ್ಲ. ಹೋಟೆಲಿನಲ್ಲಿ ಕುಡಿಯುತ್ತಿದ್ದರು, ಮಸೀದಿಯ ನಲ್ಲಿಯಲ್ಲಿ ಕುಡಿಯುತ್ತಿದ್ದರು. ಮನೆಗಳಲ್ಲಿ ಇಲ್ಲ.

ಶನಿವಾರ ದೌಲತರಾಯನಿಗೆ ಬೆಳಗಿನ ಜಾವದಿಂದಲೇ ನೋವು ಎದ್ದಿತ್ತು. ಮಗುವನ್ನು ಅವನ ಹತ್ತಿರ ಬಿಡುವಂತಿರಲಿಲ್ಲ. ಶಿವಕಾಂತಾ ಭಾಗ್ಯವಂತಿಯನ್ನೂ ಕರೆದುಕೊಂಡೇ ಬಸ್ಸು ಹತ್ತಿದಳು. ಚೌಡಾಪುರದಲ್ಲಿ ಗಾಣಗಾಪುರದ ಯಾತ್ರಿಕರು ಗಂಟುಮೂಟೆ ಇಳಿಸಿಕೊಳ್ಳುವುದರಲ್ಲೇ ಕಾಲು ತಾಸು ಹೋಯಿತು. ಅವಳು ಸೀಟಿನ ಕಂಬಿಯ ಮೇಲೆ ಬೆರಳು ಬಡಿಯುತ್ತ ಕೂತಳು. ಜೇವರ್ಗಿಯ ಕಚೇರಿ ಶನಿವಾರ ಒಂದು ಗಂಟೆಗೆ ಮುಚ್ಚುತ್ತದೆ, ಮ್ಯಾನೇಜರು ಶನಿವಾರ ಮಾತ್ರ ಇರುವುದು ಖಾತ್ರಿ. ಗುಲಬರ್ಗಾದಲ್ಲಿ ಬಸ್ಸು ಬದಲಿಸಿದಾಗ ಹತ್ತು ಗಂಟೆ. ಇನ್ನೇನು ಭೀಮಾ ಸೇತುವೆ ಎನ್ನುವಲ್ಲಿ ಹಿಂದಿನ ಟಾಯರು ಒಡೆಯಿತು.

ಕಂಡಕ್ಟರ ಇಳಿದು ನೋಡಿ, "ಸ್ಟೆಪ್ನಿ ಇಲ್ರಿ," ಎಂದ.

"ಸ್ಟೆಪ್ನಿ ಇಲ್ದ ಗಾಡಿ ಹ್ಯಾಂಗ ತಂದ್ಯೋ?" ಎಂದು ಯಾರೋ ಕೇಳಿದರು.

"ನೀವು ಹತ್ತಿದ್ರಲ್ಲ, ಹಂಗೇ ತಂದೆ."

ರಸ್ತೆಯ ಬದಿಗೆ ಒಂದು ಜಾಲಿಗಿಡ, ಅದರ ನೆರಳೂ ಮುಳ್ಳು ಮುಳ್ಳು. ಹಿಂದಿನಿಂದ ಬಂದ ಎರಡು ಬಸ್ಸು ತುಂಬಿ ತುಳುಕುತ್ತಿದ್ದವು, ನಿಲ್ಲಲಿಲ್ಲ. ಭಾಗ್ಯವಂತಿ ನೀರು ನೀರು ಎಂದು ಹಟ ಹಿಡಿದಳು. ಮನೆಯಿಂದ ತಂದ ಬಾಟಲಿ ಚೌಡಾಪುರದಲ್ಲೇ ಮುಗಿದಿತ್ತು. ಶರಫುದ್ದೀನರು ತಮ್ಮ ಚೀಲ ಮುಂದೆ ಮಾಡಿದರು. ಹುಡುಗಿ ಅದರ ಬಾಯಿಗೆ ಬಾಯಿ ಹಚ್ಚಿ ಕುಡಿದಳು, ಮುಖಕ್ಕೂ ಸುರುವಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕುಡಿದಳು.

"ನಿಮ್ಮ ನೀರ ನಾ ಕುಡಿಲಿಲ್ಲೇನು?" ಎಂದಳು ಆಮೇಲೆ. "ನಮ್ಮವು ನೀವು ಯಾಕ ಕುಡಿಯಂಗಿಲ್ಲ?"

"ಏಯ್, ಸುಮ್ನಿರು," ಎಂದಳು ಶಿವಕಾಂತಾ.

"ಕೇಳ್ಲಿ ಬಿಡ್ರಿ. ದೊಡ್ಡವರು ಯಾರೂ ಕೇಳಂಗಿಲ್ಲ, ಹಿಂದ ಆಡ್ಕೋತಾರ." ಅವರು ಹುಡುಗಿಯ ಕಡೆ ತಿರುಗಿದರು. "ಯವ್ವಾ, ನಾ ಯಾರ ಮನೀಗಿ ಹೋಗ್ತೀನಿ ಗೊತ್ತೇನು? ಕೋರ್ಟಿನಾಗ ಜಗಳ ಇದ್ದವರ ಮನೀಗಿ. ಇವತ್ತ ನಿಮ್ಮ ನೀರ ಕುಡದೆ ಅಂತ ತಿಳಿ, ನಾಳಿ ಕೋರ್ಟು ನಿಮಗೇ ಕಾಗದ ಕೊಟ್ಟು ಬಾ ಅಂತದ. ಕುಡದ ಬಾಯ್ಲೆ ಹ್ಯಾಂಗ ಕೊಡ್ಲಿ? ಒಬ್ಬರ ಮನ್ಯಾಗ ಕುಡದು ಒಬ್ಬರ ಮನ್ಯಾಗ ಬಿಟ್ರ ಅವರೇನಂದಾರು? ಅದಕ್ಕ ಯಾರ ಮನ್ಯಾಗೂ ಇಲ್ಲ."

ಶಿವಕಾಂತಾಳಿಗೆ ಎದೆಯ ಮೇಲಿನ ಒಂದು ಕಲ್ಲು ಇಳಿದಂತಾಯಿತು. ಹಾಗಾದರೆ ಇದು ಗೂಡಿನ ಗಿಲಾಸಿನ ಮಾತಲ್ಲ. ಆದರೆ ಆಗ ಅದನ್ನು ಹಿಡಿದುಕೊಂಡು ಕೂಡುವ ಹೊತ್ತಿರಲಿಲ್ಲ. ಕಂಡಕ್ಟರನ ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಅವಳು ನೆತ್ತಿಯ ಮೇಲೆ ಸೆರಗೆಳೆದುಕೊಂಡು ರಸ್ತೆಯ ನಡುವೆಯೇ ನಿಂತು, ತೊಗರಿ ಚೀಲ ಹೇರಿದ್ದ ಒಂದು ಟೆಂಪೊವನ್ನು ತಡೆದಳು. ಮಗುವಿನೊಂದಿಗೆ ಅವಳು ಮುಂದೆ ಡ್ರೈವರನ ಪಕ್ಕ, ಶರಫುದ್ದೀನರು ಹಿಂದೆ ಚೀಲಗಳ ಮೇಲೆ, ಬಿಸಿಲಿಗೆ.

ಜೇವರ್ಗಿ ಮುಟ್ಟಿದಾಗ ಒಂದಕ್ಕೆ ಇಪ್ಪತ್ತು ನಿಮಿಷ. ಸ್ಟ್ಯಾಂಡಿನ ಎದುರಿಗೇ ಹೋಟೆಲಿತ್ತು. ಶರಫುದ್ದೀನರು ಅದರ ಕಡೆ ಒಮ್ಮೆ ನೋಡಿದರು. ಶಿವಕಾಂತಾ, "ಮೊದಲ ಕೆಲಸ ಮುಗಸೋಣ್ರಿ ಚಾಚಾ, ಮುಚ್ಚಿಗಿಚ್ಚ್ಯಾರು," ಎಂದಳು. ಅವರು ಹೂಂ ಎಂದು ನಡೆದರು. ಈ ಮಾತನ್ನು ಅವಳು ಮುಂದೆ ಬಹಳ ದಿನ ನೆನೆಸಿಕೊಂಡಳು.

ಕಚೇರಿ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಕಡಿದಾದ ಮೆಟ್ಟಿಲು. ಕೊನೆಯ ಮೆಟ್ಟಿಲಿನಲ್ಲಿ ಶರಫುದ್ದೀನರು ಗೋಡೆಗೆ ಕೈ ಊರಿದರು, ಆ ಕೈ ಜಾರಿತು, ಬಾಗಿಲಿಗೆ ಅಡ್ಡವಾಗಿ ಕುಸಿದರು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಭಾಗ್ಯವಂತಿ ಅಳತೊಡಗಿದಳು. ಒಳಗಿನಿಂದ ನಾಲ್ವತ್ತರ ಆಸುಪಾಸಿನ, ಕನ್ನಡಕದ ಮನುಷ್ಯರೊಬ್ಬರು ಓಡಿ ಬಂದು, ನೆಲದ ಮೇಲೆ ಮಂಡಿಯೂರಿ, ಮುದುಕರ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಟೇಬಲ್ಲಿನ ಮೇಲಿದ್ದ ತಮ್ಮ ಗಿಲಾಸಿಗೇ ಸಕ್ಕರೆ ಉಪ್ಪು ಹಾಕಿ ಕಲಸಿಸಿ ತರಿಸಿದರು. ಮಾತು ಮೈಸೂರು ಕಡೆಯದು.

"ನಿಧಾನ ಅಜ್ಜಾ, ನಿಧಾನ. ಇನ್ನೊಂದು ಗುಟುಕು. ಈ ಬಿಸಿಲಲ್ಲಿ ಬರಬಾರದಾಗಿತ್ತು ನೀವು."

ಒಂದು ಗಿಲಾಸು ಮುಗಿಯಿತು. ಎರಡನೆಯದೂ ಮುಗಿಯಿತು. ಶರಫುದ್ದೀನರ ಕಣ್ಣು ತಿಳಿಯಾಯಿತು. ಮೊದಲು ಗಿಲಾಸನ್ನು ನೋಡಿದರು, ಆಮೇಲೆ ಹಿಡಿದ ಕೈಯನ್ನು, ಆಮೇಲೆ ಆ ಮನುಷ್ಯ ಎದ್ದು ಬಂದ ಟೇಬಲ್ಲನ್ನು. ಅದರ ಮೇಲಿನ ಹಲಗೆಯಲ್ಲಿ ಶಾಖಾ ವ್ಯವಸ್ಥಾಪಕರು ಎಂದು ಬರೆದಿತ್ತು.

ಶಿವಕಾಂತಾ ಅದನ್ನು ಆಗಲೇ ಓದಿದ್ದಳು. ಬಗ್ಗಿ ಕಿವಿಯಲ್ಲಿ, "ಇವರೇ ಮ್ಯಾನೇಜರ್ ಚಾಚಾ. ಕೊಡ್ರಿ," ಎಂದಳು.

ಶರಫುದ್ದೀನರು ಹೆಗಲ ಚೀಲದೊಳಗೆ ಕೈ ಹಾಕಿದರು. ಕಾಗದ ಸರಬರ ಎಂದದ್ದು ಅವಳಿಗೆ ಕೇಳಿಸಿತು. ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ, ಏನಾದರೂ ಕಳೆದಿದೆಯೇ ಎಂದು ಮ್ಯಾನೇಜರೇ ಕೇಳಿದರು. ಕೈ ಬರಿದಾಗಿ ಹೊರಗೆ ಬಂತು.

"ಇಲ್ರಿ ಸಾಹೇಬ್ರ. ಭಾಳ ಉಪಕಾರ ಆಯ್ತು," ಎಂದು ಎದ್ದು ನಿಂತು ನಮಸ್ಕಾರ ಮಾಡಿದರು. "ಬರ್ರಿ ಬಾಯಾರ, ಹೋಗಮು."

"ಏನ್ ಕೆಲಸಕ್ಕೆ ಬಂದಿದ್ರಿ, ಹೇಳಲೇ ಇಲ್ಲ?" ಎಂದರು ಮ್ಯಾನೇಜರು.

ಶಿವಕಾಂತಾ ಬಾಯಿ ತೆರೆದಳು. ಸಮನ್ಸು ಬೇಲೀಫನ ಕೈಯಿಂದಲೇ ಹೋಗಬೇಕು, ವಾದಿ ಬಾಯಲ್ಲಿ ಹೇಳಿದರೆ ಅದು ಗಾಳಿಗೆ ಹೋದ ಮಾತು ಎಂದು ಮಲ್ಲಣ್ಣ ಹೇಳಿದ್ದರು. ಹೇಳಿದರೆ ಈ ಮನುಷ್ಯ ಮತ್ತೆ ಕೈಗೆ ಸಿಗುವುದೂ ಇಲ್ಲ. ಅವಳು ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದಳು. ಹಿಂದೆ ಕಚೇರಿಗೆ ಬೀಗ ಬಿದ್ದ ಸದ್ದಾಯಿತು.

ಗುಲಬರ್ಗಾದಿಂದ ಅಫಜಲಪುರಕ್ಕೆ ತಿರುಗುವ ಬಸ್ಸಿನಲ್ಲಿ ಮಗು ಮಡಿಲಲ್ಲಿ ಮಲಗಿದ ಮೇಲೆ, ಕಿಡಕಿಯ ಕಡೆ ಮುಖ ಮಾಡಿಯೇ ಶುರು ಮಾಡಿದಳು.

"ಮೂರು ಸಂತಿ ಕಾದೀರಿ. ಎದುರಿಗಿ ಸಿಕ್ಕಾಗ ಕೈ ಮುಗದು ಬಂದೀರಿ. ನಿಮ್ಮ ನೇಮ ದೊಡ್ಡದೋ, ನನ್ನ ಗಂಡನ ಜೀವ ದೊಡ್ಡದೋ?"

"ಜೀವ ದೊಡ್ಡದ್ರಿ."

"ಮತ್ತ?"

ಶರಫುದ್ದೀನರು ಹಿರೋಳ್ಳಿಯ ಮಾತು ತೆಗೆದರು. ನೌಕರಿಗೆ ಸೇರಿದ ಮರುವರ್ಷ. ಹಿರೋಳ್ಳಿಯಲ್ಲಿ ನಿಂಬೆವ್ವ ಎಂಬ ಮುದುಕಿ. ಮಗ ಯಾರಿಗೋ ಜಾಮೀನಾಗಿ ಊರು ಬಿಟ್ಟಿದ್ದ. ಮನೆಯ ಪಾತ್ರೆ ಪಗಡೆ ಜಪ್ತಿ ಮಾಡಿ ತರುವ ವಾರಂಟು ಇವರ ಚೀಲದಲ್ಲಿತ್ತು. ಆಳಂದದಿಂದ ಸೈಕಲ್ ತುಳಿದು ಬಂದ ಹುಡುಗನ ಮುಖ ನೋಡಿ, ಮುದುಕಿ ಯಾರು ಏನು ಎಂದು ಕೇಳದೆಯೇ ಕೂಡಿಸಿ, ರೊಟ್ಟಿ ಪುಂಡಿಪಲ್ಯ ಹಾಕಿ, ಹಿತ್ತಾಳೆಯ ಚರಗಿಯಲ್ಲಿ ನೀರು ಕೊಟ್ಟಳು.

"ಉಂಡೆ. ಕುಡದೆ. ಕೈ ವರಸ್ಕೊಂಡು ವಾರಂಟ್ ತೆಗದೆ. ಒಂದೊಂದೇ ಪಾತ್ರಿ ಅಂಗಳಕ್ಕ ತಂದಿಟ್ಟು ಪಟ್ಟಿ ಮಾಡಿದೆ. ಕಡೀಗಿ ಆ ಚರಗಿ ಎತ್ತಿದೆ. ಮುದುಕಿ ಅಳಲಿಲ್ಲ, ಬೈಲಿಲ್ಲ. ‘ತಡಿಯೋ ತಮ್ಮಾ, ನೀ ಕುಡದದ್ದು ಎಂಜಲದ, ತೊಳದು ಕೊಡ್ತೀನಿ’ ಅಂದಳು. ಬೂದಿ ಹಚ್ಚಿ, ತಿಕ್ಕಿ, ತೊಳದು ನನ್ನ ಕೈಯಾಗ ಕೊಟ್ಟಳು." ಅವರು ತಮ್ಮ ಅಂಗೈಯನ್ನು ನೋಡಿಕೊಂಡರು. "ಇವತ್ತ ಚೀಲದಾಗ ಕೈ ಹಾಕಿದ್ನಲ್ರಿ, ಕಾಗದ ಸಿಕ್ಕಿತ್ತು. ಕೈ ಮ್ಯಾಲೇಳಲಿಲ್ಲ. ಯಾರ್ಯಾರದೋ ಮನ್ಯಾಗ ಎಂಥೆಂಥವರಿಗಿ ಕೊಟ್ಟೀನಿ, ಇವನಿಗಿ ಆಗಲಿಲ್ಲ."

ಬೇರೆ ದಿನವಾಗಿದ್ದರೆ ಶಿವಕಾಂತಾಳ ಕಣ್ಣು ತುಂಬುತ್ತಿತ್ತೇನೋ. ಅಂದು ತುಂಬಲಿಲ್ಲ.

"ನಿಂಬೆವ್ವಗ ನೀವು ಮಾಡಿದ ತಪ್ಪಿಗಿ ನಾ ಯಾಕ ದಂಡ ತೆರಬೇಕ್ರಿ ಚಾಚಾ?"

"ಖರೇ ಅದ," ಎಂದರು ಅವರು. ಅಷ್ಟೇ.

ಭಾನುವಾರ ಅವಳು ಕೂತಲ್ಲಿ ಕೂಡಲಿಲ್ಲ. ಗಿರಣಿಗೆ ರಜೆ, ಆದರೂ ಬೀಸುಗಲ್ಲು ಬಿಚ್ಚಿ, ಸವೆದ ಹಲ್ಲಿಗೆ ಚಾಣಾ ಹೊಡೆಸಿ, ಮತ್ತೆ ಕೂಡಿಸಿದಳು. ಮಗುವಿನ ತಲೆಗೆ ಎರಡು ಸಲ ಎಣ್ಣೆ ಹಚ್ಚಿದಳು. ದೌಲತರಾಯ ಹಾಸಿಗೆಯಿಂದ, "ಆ ಮುದುಕ ಸತ್ತಿದ್ರ ಏನ್ ಮಾಡ್ತಿದ್ದಿ?" ಎಂದು ಕೇಳಿದ. ಆ ಪ್ರಶ್ನೆ ಅವಳಿಗೇ ಶನಿವಾರ ಸಂಜೆಯಿಂದ ಚುಚ್ಚುತ್ತಿತ್ತು. ಹೋಟೆಲು ದಾಟಿಸಿ ನಡೆಸಿದವಳು ತಾನು, ಅವರ ಚೀಲದ ನೀರು ಮುಗಿಸಿದವಳು ತನ್ನ ಮಗಳು. ಚುಚ್ಚಿದಷ್ಟೂ ಸಿಟ್ಟು ಹೆಚ್ಚಾಗುತ್ತಿತ್ತು. ಸಂಜೆ ಮಲ್ಲಣ್ಣನವರ ಮನೆಗೆ ಹೋದಳು.

ಮಲ್ಲಣ್ಣ ಎಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ದಾರಿ ಹೇಳಿದರು. "ಸಾಹೇಬ ತಗೊಳ್ಳಂಗಿಲ್ಲ ಅಂದ, ಬಾಗಲಿಗಿ ಹಚ್ಚಿ ಬಂದೀನಿ ಅಂತ ಬರೀಲಿ. ಹಂಗ ಬರದ್ರೂ ಮುಟ್ಟಿದಂಗೇ ಲೆಕ್ಕ. ಶರಫುದ್ದೀನ ಬರದದ್ದಕ್ಕ ಎದುರು ಮಾತಾಡೋರು ಈ ಕೋರ್ಟಿನಾಗ ಯಾರೂ ಇಲ್ಲ. ಕೇಳಿ ನೋಡು."

ಕೇಳಲು ಅವಳು ಹೋಗಬೇಕಾಗಲಿಲ್ಲ. ಸೋಮವಾರ ಸಂಜೆ, ಗಿರಣಿ ನಿಲ್ಲಿಸಿ ಮೋಟಾರಿನ ಪಟ್ಟಾ ಬಿಚ್ಚುತ್ತಿದ್ದಾಗ ಶರಫುದ್ದೀನರೇ ಬಂದರು. ಮುಖ ಇನ್ನೂ ಬಿಳಿಚಿಕೊಂಡಿತ್ತು. ಅವಳು ಖಾಲಿ ಚೀಲವೊಂದನ್ನು ಝಾಡಿಸಿ ಹಾಸಿದಳು. ಅವರು ಕೂತರು. ಮಲ್ಲಣ್ಣ ಹೇಳಿದ್ದನ್ನು ಅವಳು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು.

ಶರಫುದ್ದೀನರು ನಕ್ಕರು. "ಮುಂಜಾನಿ, ಬೇಲೀಫರ ವರದಿ ನೋಡೋ ನಮ್ಮ ನಾಜರ್ ಸಾಹೇಬ್ರೂ ಒಂದು ಹೇಳ್ಯಾರ. ಇದ್ದದ್ದು ಇದ್ದಂಗ ವರದಿ ಬರದು ಅವರ ಮುಂದ ಇಟ್ಟೆ: ಮ್ಯಾನೇಜರ್ ಇದ್ರು, ನಾ ಕೊಡಲಿಲ್ಲ. ಓದಿದ್ರು. ‘ಹುಚ್ಚೇನು? ಒಂದೂವರಿ ತಿಂಗಳದಾಗ ಪೆನ್ಶನ್ ಅದ. ಮ್ಯಾನೇಜರ್ ಇರಲಿಲ್ಲ ಅಂತ ಬರಿ’ ಅಂತ ಹೇಳಿ ನನ್ನ ವರದಿ ವಾಪಸ್ ಕೊಟ್ರು. ಇಪ್ಪತ್ತು ವರ್ಷದ ದೋಸ್ತ ಅವರು, ನನ್ನ ಸಲುವಾಗೇ ಅಂದಾರ." ಅವರು ಎರಡು ಬೆರಳು ಎತ್ತಿದರು. "ಎರಡೂ ಸುಳ್ಳೇ. ವಕೀಲರ ಸುಳ್ಳು ಬರದ್ರ ನೀವು ಗೆಲ್ತೀರಿ. ನಾಜರ್ ಸಾಹೇಬ್ರ ಸುಳ್ಳು ಬರದ್ರ ನಾ ಗೆಲ್ತೀನಿ."

"ನನ್ನ ಗೆಲ್ಲಸ್ರಿ," ಎಂದಳು ಶಿವಕಾಂತಾ. ಅವಳಿಗೆ ನಾಚಿಕೆಯಾಗಲಿಲ್ಲ.

"ಗೆಲ್ಲಂಗಿಲ್ರಿ. ಆ ಮನುಷ್ಯನ ಹೆಸರಿಲೆ ಸುಳ್ಳ ಬರೀಬೇಕಾಗ್ತದ. ತಗೊಳ್ಳಂಗಿಲ್ಲ ಅಂತ ಅಂವ ಅಂದೇ ಇಲ್ಲ. ನಾಳಿ ಕೋರ್ಟಿಗಿ ಬಂದು, ಅಜ್ಜಗ ಚಕ್ಕರ ಬಂದಿತ್ತು, ನಾನೇ ನೀರ ಕುಡಸಿ ಕಳಿಸೀನಿ ಅಂತ ಹೇಳಿದ್ರ ನಿಮ್ಮ ಕೇಸೇ ಸುಳ್ಳು ಅಂತಾರ."

ಅದು ನಿಜವೆಂದು ಅವಳ ತಲೆಗೆ ಹೊಳೆಯಿತು; ಹೊಳೆದದ್ದರಿಂದ ಇನ್ನಷ್ಟು ಕಸಿವಿಸಿಯಾಯಿತು. "ಹಂಗಾದ್ರ ಗುರುವಾರ ವಜಾ ಆಗ್ತದ. ಇಷ್ಟು ಹೇಳಾಕ ಬಂದೀರೇನು?"

"ಅಲ್ರಿ. ಒಂದು ಉಪಕಾರ ಕೇಳಾಕ ಬಂದೀನಿ."

ಶಿವಕಾಂತಾ ಕೈಯಲ್ಲಿನ ಪಟ್ಟಾ ಕೆಳಗಿಟ್ಟಳು. ಭಾಗ್ಯವಂತಿ ಒಳಗೆ ಅಪ್ಪನ ಹತ್ತಿರ ಏನೋ ಹಾಡಿಕೊಳ್ಳುತ್ತಿದ್ದಳು.

"ನನ್ನ ಮ್ಯಾಲ ಮುನ್ಸೀಫ್ ಸಾಹೇಬ್ರಿಗಿ ಒಂದು ಅರ್ಜಿ ಬರೀರಿ," ಎಂದರು ಶರಫುದ್ದೀನರು. "ಠಿಕಾಣಿ ಖರೇ ಇತ್ತು, ಮ್ಯಾನೇಜರ್ ಎದುರಿಗೇ ಇದ್ರು, ಬೇಲೀಫ ಸಮನ್ಸ್ ಕೊಡದ ತಿರುಗಿ ತಂದಾನ, ನಾ ಕಣ್ಣಿಲೆ ನೋಡೀನಿ ಅಂತ. ತಪ್ಪು ಫಿರ್ಯಾದಿದಾದ್ರ ದಾವೆ ವಜಾ ಮಾಡ್ತಾರ. ಕೋರ್ಟಿನ ಆಳಿನ ತಪ್ಪಿಗಿ ನಿಮ್ಮ ದಾವೆ ಹ್ಯಾಂಗ ತೆಗಿತಾರ? ಹೊಸ ಸಮನ್ಸ್ ಕೊಟ್ಟು ಬ್ಯಾರೆ ಬೇಲೀಫನ್ನ ಕಳಸ್ತಾರ. ನನ್ನ ವರದಿ ಒಂದೇ ಇದ್ರ ನಾಜರ್ ಸಾಹೇಬ್ರು ಗುರುವಾರ ತನಕ ಮುಂದ ಹೋಗಗೊಡಂಗಿಲ್ಲ. ನಿಮ್ಮ ಅರ್ಜಿ ಬಂದ್ರ ಮುನ್ಸೀಫ್ ಸಾಹೇಬ್ರು ನನ್ನ ವರದಿನೂ ತರಸ್ತಾರ."

"ನಿಮ್ಮ ಪೆನ್ಶನ್ನು?"

"ಅದು ನಂದು. ವಿಚಾರಣಿ ಮಾಡ್ತಾರ, ಮಾಡ್ಲಿ."

"ಬರೀತೀನಿ," ಎಂದಳು ಅವಳು. "ಆದ್ರ ನಿಮಗ ಬಿಸಲಿಗಿ ಚಕ್ಕರ ಬಂದಿತ್ತು, ನಾನೇ ದೌಡ ನಡೀರಿ ಅಂದಿದ್ದೆ, ಅದನ್ನೂ ಬರೀತೀನಿ."

"ಅದನ್ನ ಬರೀಬ್ಯಾಡ್ರಿ. ಅದನ್ನ ಓದಿದ್ರ ಅವರಿಗಿ ಕನಿಕರ ಬರ್ತದ. ಕನಿಕರ ಬಂದ್ರ ಪಾಪ ಮುದುಕ ಅಂತ ಅರ್ಜಿ ಬದಿಗಿಡ್ತಾರ, ಮಳಿಗಾಲ ಹೋಗ್ತದ. ವಿಚಾರಣ್ಯಾಗ ನನ್ನ ಕೇಳಿದ್ರ ನಾ ಹೇಳ್ಕೋತೀನಿ." ಶರಫುದ್ದೀನರು ಗೋಡೆ ಹಿಡಿದು ಎದ್ದರು. "ಇವತ್ತೇ ಬರೀರಿ, ನಾಳಿ ಹತ್ತಕ್ಕ ಮಲ್ಲಣ್ಣ ವಕೀಲರ ಕೈಯಾಗಿರಲಿ. ನನ್ನ ಹೆಸರ ಪೂರಾ ಬರೀರಿ, ಶರಫುದ್ದೀನ ತಂದಿ ಮೌಲಾಲಿ ಅಂತ. ನಮ್ಮ ಕೋರ್ಟಿನಾಗ ಶರಫುದ್ದೀನ ಇಬ್ಬರದೀವಿ. ಇನ್ನೊಬ್ಬಾಂವ ಹೊಸಾ ಹುಡುಗ, ಅವನ ಮ್ಯಾಲ ಬರಬಾರದು."